ಮೊದಲ ಮಾಲೀಕರಿಗೆ

ಭೋರಿನ ಅಕ್ಕನ ಮನೆಯಿಂದ ಬರುವಾಗ,
ಕಾತ್ರಜದ ಹಳೇ ಸುರಂಗ ದಾಟಿ ಮೂರನೇ ತಿರುವಿಗೆ
ಬ್ರೇಕು ಒಂದು ಕ್ಷಣ ಕಾಲಿಗೆ ಸಿಗುತ್ತಿರಲಿಲ್ಲ.
ಒಂದೇ ಕ್ಷಣ. ಕತ್ತಲಲ್ಲಿ ನೆಲ ಬಂತೆಂದು ಕಾಲೂರಿದರೆ
ಇನ್ನೂ ಒಂದು ಮೆಟ್ಟಿಲು ಬಾಕಿ ಇರುತ್ತದಲ್ಲ, ಹಾಗೆ.
ಆಮೇಲೆ ಹಿಡಿಯುತ್ತಿತ್ತು,
ಏನೂ ಆಗೇ ಇಲ್ಲವೆಂಬಂತೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಪ್ಪತ್ತೆರಡು ವರ್ಷ
ಲೋಲಕ ತೂಗುಹಾಕಿ ಹುಡುಗರಿಗೆ ಹೇಳಿದವಳು ನಾನು:
ಕಂಡದ್ದನ್ನು ಬರೀರಿ, ಬರಬೇಕಾದ್ದನ್ನಲ್ಲ.
ಹಾಗಾಗಿ ಬರೆದೆ. ನೀಲಿ ರೆಕ್ಸಿನ್ ಪುಸ್ತಕದಲ್ಲಿ
ತಾರೀಖು, ಕಿಲೋಮೀಟರು, ಹೊರಗಿನ ಬಿಸಿ, ಒಳಗಿನ ಜನ.
ಹನ್ನೊಂದು ತಿಂಗಳು. ಮೂವತ್ತೊಂದು ಸಲ.

ಸರ್ವೀಸ್ ಸೆಂಟರಿಗೆ ಗಾಜಿನ ಗೋಡೆ, ಕಾಫಿ ಯಂತ್ರ.
ವೈದ್ಯರ ಹೊಸ್ತಿಲಲ್ಲಿ ಜ್ವರ ಇಳಿದ ಮಗುವಿನಂತೆ
ಗಾಡಿ ಅಲ್ಲಿ ಸದಾ ಸುಶೀಲ.
"ಮ್ಯಾಡಮ್, ಚಪ್ಪಲಿ ಯಾವುದು ಹಾಕ್ತೀರಿ?"
"ಮ್ಯಾಡಮ್, ಸರ್ ಓಡಿಸ್ತಾರಾ, ನೀವಾ?"
ಸರ್ ತೀರಿಕೊಂಡು ಆರು ವರ್ಷವಾಯಿತು ಎಂದೆ.
ಅದನ್ನೂ ಜಾಬ್ ಕಾರ್ಡಿನಲ್ಲಿ ಬರೆದುಕೊಂಡನೋ ಏನೋ.

ಕಂಪನಿಗೆ ಮುಖವಿಲ್ಲ,
ಹನ್ನೆರಡು ಅಂಕಿಯ ದೂರು ಸಂಖ್ಯೆ ಇದೆ.
ನಾಲ್ಕನೇ ಪತ್ರಕ್ಕೆ ಉತ್ತರ ಬಂತು, ನನ್ನನ್ನು ಗಂಡಸು ಮಾಡಿ:
ಪ್ರಿಯ ಶ್ರೀಮಾನ್ ಮಂದಾಕಿನಿ ಹೆರಕಲ್,
ತಾವು ತಿಳಿಸಿದ್ದು ಈ ಮಾದರಿಯ ಸಾಮಾನ್ಯ ಲಕ್ಷಣ.

ಕೊನೆಗೆ ಚಾಕಣದಿಂದ ಒಬ್ಬ ಹುಡುಗ ಬಂದ.
ನಚಿಕೇತ ಭೋಂಡವೆ. ತೊಡೆಯ ಮೇಲೆ ಲ್ಯಾಪ್‌ಟಾಪು,
ಕಾಲಲ್ಲಿ ಕಚ್ಚುವ ಹೊಸ ಬೂಟು.
ಮೂರನೇ ತಿರುವಿಗೆ ನನ್ನ ಪೆಡಲು ಮುಳುಗಿತು,
ಪಕ್ಕದಲ್ಲಿ ಅವನ ಬಲಗಾಲು ತಾನಾಗಿ
ಅಲ್ಲಿಲ್ಲದ ಪೆಡಲನ್ನು ಒತ್ತಿತು.
ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.
ಕೆಳಗೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ತಲೆ ಎತ್ತದೆ ಕೇಳಿದ:
"ಕಾಕೂ, ನಿಮ್ಮ ಪುಸ್ತಕದ ಫೋಟೋ ತಗೊಳ್ಳಲೇ?"
ವಾರದ ಮೇಲೆ ವರದಿ: ದೋಷ ಕಂಡುಬಂದಿಲ್ಲ.
ಸಹಿ ಅವನದೇ, ಮೊದಲ ಅಕ್ಷರ ಸ್ವಲ್ಪ ನಡುಗಿತ್ತು.
ಅಥವಾ ಹಾಗೆಂದುಕೊಳ್ಳುವುದು ನನಗೆ ಬೇಕಿತ್ತು.

ಮಾರಿದೆ.
ಸಾಸವಡದ ಕಾಮಠೆ, ಅಂಜೂರದ ತೋಟದವರು,
ಸಿಂಹಗಡ ರಸ್ತೆಯ ಸಪಾಟಿನಲ್ಲಿ ಎರಡು ಸುತ್ತು ಹೊಡೆದು
"ಬ್ರೇಕು ಸ್ವಲ್ಪ ಮೆತ್ತಗಲ್ಲವೇ ತಾಯಿ?" ಎಂದರು.
"ಈ ಮಾದರಿಯ ಲಕ್ಷಣ" ಎಂದೆ.
ಎಷ್ಟು ಸಲೀಸಾಗಿ ಬಂತು,
ಇಸ್ತ್ರಿ ಹಾಕಿ ಮಡಿಸಿಟ್ಟ ಸೀರೆಯ ಹಾಗೆ.
ಆರ್‌ಸಿ, ವಿಮೆ, ಎರಡನೇ ಕೀಲಿ, ಎಲ್ಲ ಕೊಟ್ಟೆ.
ನೀಲಿ ಪುಸ್ತಕ ಕಪಾಟಿನಲ್ಲೇ ಉಳಿಯಿತು.

ಈ ಬೆಳಿಗ್ಗೆ ಲಕೋಟೆ.
ಗೌರವಾನ್ವಿತ ಮೊದಲ ಮಾಲೀಕರೇ,
ಬ್ರೇಕಿನ ಸಣ್ಣದೊಂದು ಭಾಗವನ್ನು ಉಚಿತವಾಗಿ ಬದಲಿಸಲಾಗುವುದು.
ಅಲ್ಲಿಯವರೆಗೆ ದಯವಿಟ್ಟು ಘಾಟಿ ರಸ್ತೆ ತಪ್ಪಿಸಿ.
ಜೊತೆಗೆ ತುಂಬಲೆಂದು ಒಂದು ಫಾರಂ:
ತಾರೀಖು, ಕಿಲೋಮೀಟರು, ಹೊರಗಿನ ಬಿಸಿ, ಒಳಗಿನ ಜನ.

ಒಳಗಿನ ಜನ!
ಆ ಕಾಲಮ್ಮು ನಾನಲ್ಲದೆ ಯಾರು ಹಾಕಿಯಾರು?
ಹುಡುಗ ಸಹಿಗೆ ಸುಳ್ಳು ಹೇಳಿದ್ದ,
ಪುಸ್ತಕಕ್ಕೆ ಹೇಳಿರಲಿಲ್ಲ.

ನಾನೋ?

ಕಾಮಠೆಗೆ ಫೋನು ಹೊಡೆಯುತ್ತಿದ್ದೇನೆ.
ಗಾಡಿ ಕೊಂಡ ದಿನ ಪೇಢೆ ಕೊಡುತ್ತಾ ಹೇಳಿದ್ದರು,
ಅವ್ವನನ್ನು ಡಯಾಲಿಸಿಸಿಗೆ ಒಯ್ಯಲು ಅನುಕೂಲವಾಯಿತು,
ಮಂಗಳವಾರ, ಶುಕ್ರವಾರ, ದಿವೆ ಘಾಟು ಇಳಿದು ಹಡಪಸರಕ್ಕೆ.
ಫೋನು ಬಡಿದುಕೊಳ್ಳುತ್ತಲೇ ಇದೆ.
ಇನ್ನೊಂದು ಕೈ ನೀಲಿ ಪುಸ್ತಕ ತೆಗೆದಿದೆ,
ಕಂಡದ್ದನ್ನೇ ಬರೆಯುವ ಹಳೇ ಚಟಕ್ಕೆ
ಕಾಣದ್ದನ್ನು ಬರೆಯುತ್ತಿದೆ:

ಮೂವತ್ತೆರಡು. ಮಂಗಳವಾರ.
ಕಿಲೋಮೀಟರು ಗೊತ್ತಿಲ್ಲ.
ಹೊರಗೆ ಮೂವತ್ತೆಂಟು ಡಿಗ್ರಿ.
ಒಳಗಿನ ಜನ: ಇಬ್ಬರು.